ಎಲೆ ಮೇಲಕ್ಕೆ ಮುರುಟಿದೆಯೇ, ಕೆಳಕ್ಕೆ ಮುರುಟಿದೆಯೇ? ತಾರಸಿಯ ಮೆಣಸಿನ ಗಿಡಗಳ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಮ್ಮ ಮನೆ ಬನಶಂಕರಿಯಲ್ಲಿದೆ. ತಾರಸಿಯಲ್ಲಿ ಒಂಬತ್ತು, ದಕ್ಷಿಣ ದಿಕ್ಕಿನ ಬಾಲ್ಕನಿಯಲ್ಲಿ ಐದು ಗ್ರೋ ಬ್ಯಾಗ್‌ಗಳಲ್ಲಿ ಮೆಣಸಿನ ಗಿಡ ಬೆಳೆಸಿದ್ದೇನೆ. ಆರು ಗಿಡ ಅಡುಗೆಮನೆಯ ಬ್ಯಾಡಗಿ ಮೆಣಸಿನಕಾಯಿಯ ಬೀಜದಿಂದ ಬಂದವು, ಆರು ನರ್ಸರಿಯಿಂದ ತಂದ ಗುಂಟೂರು ಬಗೆಯವು, ಎರಡು ಭೂತ್ ಜೋಲೋಕಿಯಾ. ಬಾಲ್ಕನಿಯ ಗಿಡಗಳು ಜನವರಿಯಲ್ಲಿ ಚೆನ್ನಾಗಿದ್ದವು, ಈಗ ಮೇ ತಿಂಗಳಲ್ಲಿ ಹೂವೇ ಇಲ್ಲ. ತಾರಸಿಯ ಗಿಡಗಳಲ್ಲಿ ಎಲೆ ಮುರುಟಿ ಹೂ ಉದುರುತ್ತಿದೆ. ದಿನಕ್ಕೆ ಎರಡು ಸಲ ನೀರು ಹಾಕುತ್ತೇನೆ. ನೀರು ಶುದ್ಧೀಕರಿಸುವ ಯಂತ್ರದಿಂದ ಹೊರಬರುವ ನೀರನ್ನೂ ವ್ಯರ್ಥ ಮಾಡುವುದಿಲ್ಲ. ವಾರಕ್ಕೊಮ್ಮೆ ಕಡಲೆಕಾಯಿ ಹಿಂಡಿ ನೆನೆಸಿದ ನೀರು, ವಾರಕ್ಕೊಮ್ಮೆ ಬೇವಿನೆಣ್ಣೆ ತಪ್ಪಿಸಿಲ್ಲ. ಬಿಟ್ಟ ನಾಲ್ಕಾರು ಬ್ಯಾಡಗಿ ಕಾಯಿಯಲ್ಲೂ ಖಾರವಿರಲಿಲ್ಲ. ಬೆಂಗಳೂರಿನ ಹವೆ ಈ ಗಿಡಕ್ಕೆ ಒಗ್ಗುವುದಿಲ್ಲವೇ? ಮುಂದಿನ ಬಿತ್ತನೆಗೆ ಬೀಜವನ್ನು ಇವುಗಳಿಂದಲೇ ಇಟ್ಟುಕೊಳ್ಳಬಹುದೇ?

ಉತ್ತರ: ಹವೆಯ ಮೇಲೆ ತಪ್ಪು ಹೊರಿಸುವಂತಿಲ್ಲ. ಹಗಲು 25ರಿಂದ 30 ಡಿಗ್ರಿ, ರಾತ್ರಿ 18ರಿಂದ 22 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೆಣಸಿನ ಗಿಡ ಅತ್ಯುತ್ತಮವಾಗಿ ಕಾಯಿ ಕಚ್ಚುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಊರಿನಲ್ಲಿ ವರ್ಷದ ಬಹುಪಾಲು ಇದೇ ಹವೆ ಇರುತ್ತದೆ. ಮಾರ್ಚ್‌ನಿಂದ ಮೇ ಮಧ್ಯದವರೆಗಿನ ಬಿಸಿಲು ಮಾತ್ರ ಸ್ವಲ್ಪ ಕಠಿಣ. ನೀವು ಬರೆದಿರುವುದನ್ನು ಎರಡು ಸಲ ಓದಿದ ಮೇಲೆ ನನಗೆ ಅನಿಸಿದ್ದೇನೆಂದರೆ, ನಿಮ್ಮ ಗಿಡಗಳಿಗೆ ಆರೈಕೆಯ ಕೊರತೆಯಿಲ್ಲ, ಆರೈಕೆಯೇ ತುಸು ಜಾಸ್ತಿಯಾಗಿದೆ. ಅದರಲ್ಲೂ ಗಿಡಕ್ಕೆ ಏನಾಗಿದೆ ಎಂದು ನೋಡುವ ಮೊದಲೇ ಏನನ್ನಾದರೂ ಸುರಿಯುವ ಅಥವಾ ಸಿಂಪಡಿಸುವ ಅಭ್ಯಾಸ ಆಗಿಬಿಟ್ಟಿದೆ. ಜೊತೆಗೆ ತಾರಸಿಯ ಗಿಡಗಳ ತೊಂದರೆ ಬೇರೆ, ಬಾಲ್ಕನಿಯ ಗಿಡಗಳ ತೊಂದರೆ ಬೇರೆ. ಎರಡಕ್ಕೂ ಒಂದೇ ಮದ್ದು ಹುಡುಕಿದ್ದರಿಂದ ಯಾವುದೂ ಸರಿಹೋಗಲಿಲ್ಲ.

ಮೊದಲು ಮುರುಟನ್ನು ನೋಡೋಣ. ‘ಮುರುಟು ರೋಗ’ ಎಂದು ಎಲ್ಲರೂ ಒಂದೇ ಹೆಸರಿನಿಂದ ಕರೆಯುವ ಈ ಲಕ್ಷಣದ ಹಿಂದೆ ಕನಿಷ್ಠ ಮೂರು ಬೇರೆ ಬೇರೆ ಕಾರಣಗಳಿವೆ, ಅವುಗಳಿಗೆ ಮಾಡಬೇಕಾದ ಕೆಲಸವೂ ಬೇರೆ ಬೇರೆ. ಚಿಗುರಿನ ಎಲೆಯೊಂದನ್ನು ಕೈಯಲ್ಲಿ ಹಿಡಿದು ನೋಡಿ. ಎಲೆಯ ಅಂಚುಗಳು ಮೇಲಕ್ಕೆ ಮಡಚಿಕೊಂಡು ಎಲೆ ದೋಣಿಯಂತೆ ಕಾಣುತ್ತಿದ್ದು, ಕೆಳಭಾಗದಲ್ಲಿ ಬೆಳ್ಳಿಯ ಹೊಳಪಿನ ಕಲೆಗಳಿದ್ದರೆ ಅದು ಥ್ರಿಪ್ಸ್ ಎಂಬ ರಸ ಹೀರುವ ಪುಟ್ಟ ಕೀಟದ ಕೆಲಸ. ಅಂಚುಗಳು ಕೆಳಕ್ಕೆ ಬಾಗಿ ಎಲೆ ಕವುಚಿ ಹಾಕಿದ ದೋಣಿಯಂತಾಗಿ, ಎಲೆಯ ತೊಟ್ಟು ಮಾತ್ರ ಇಲಿಯ ಬಾಲದ ಹಾಗೆ ಉದ್ದವಾಗಿ ಎಳೆದುಕೊಂಡಿದ್ದರೆ ಅದು ಹಳದಿ ನುಸಿ. ಮೇಲಕ್ಕೂ ಕೆಳಕ್ಕೂ ಅಲ್ಲದೆ ಎಲೆ ಚಿಕ್ಕದಾಗಿ, ನರಗಳ ನಡುವೆ ಉಬ್ಬಿ, ಹಳದಿ ತಿರುಗಿ, ಗೆಣ್ಣುಗಳು ಹತ್ತಿರ ಹತ್ತಿರವಾಗಿ, ಇಡೀ ತುದಿ ಪೊದೆಯಂತೆ ಕುಗ್ಗಿದ್ದರೆ ಅದು ಬಿಳಿ ನೊಣ ಹರಡುವ ವೈರಸ್. ಮೊದಲ ಎರಡಕ್ಕೆ ಚಿಕಿತ್ಸೆ ಇದೆ. ಮೂರನೆಯದಕ್ಕೆ ಇಲ್ಲ, ಆ ಗಿಡವನ್ನು ಬೇರುಸಹಿತ ಕಿತ್ತು, ಚೀಲದಲ್ಲಿ ಕಟ್ಟಿ ಹೊರಗೆ ಹಾಕಬೇಕು. ಹೊಟ್ಟೆಗೆ ಸಂಕಟವಾಗುತ್ತದೆ, ಆದರೆ ಒಂದು ಗಿಡದ ಮೇಲಿನ ಮಮತೆಯಿಂದ ಉಳಿದ ಹದಿಮೂರನ್ನು ಕಳೆದುಕೊಳ್ಳುವುದು ಬೇಡ.

ಥ್ರಿಪ್ಸ್ ಇದೆಯೋ ಇಲ್ಲವೋ ಎಂದು ತಿಳಿಯಲು ಉಪಕರಣವೇನೂ ಬೇಕಿಲ್ಲ. ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಅರಳಿದ ಹೂವೊಂದರ ಕೆಳಗೆ ಬಿಳಿ ಕಾಗದ ಹಿಡಿದು, ಹೂವಿನ ತೊಟ್ಟನ್ನು ಬೆರಳಿನಿಂದ ಎರಡು ಮೂರು ಸಲ ತಟ್ಟಿ. ಕಾಗದದ ಮೇಲೆ ಬಿದ್ದ ಪರಾಗದ ಪುಡಿಯ ನಡುವೆ ಒಂದು ಮಿಲಿಮೀಟರ್ ಉದ್ದದ, ಪೆನ್ಸಿಲ್‌ನಿಂದ ಗೀಚಿದ ಗೆರೆಯ ತುಂಡಿನಂಥವು ಓಡಾಡತೊಡಗಿದರೆ ಅವೇ ಥ್ರಿಪ್ಸ್. ತಿಳಿ ಹಳದಿಯವು ಹಳೆಯ ಪರಿಚಯದವು. ಕಪ್ಪಗಿದ್ದು, ಒಂದೊಂದು ಹೂವಿನಲ್ಲಿ ಹತ್ತು ಹದಿನೈದರಂತೆ ಉದುರಿದರೆ ಅವು ‘ಥ್ರಿಪ್ಸ್ ಪಾರ್ವಿಸ್ಪೈನಸ್’ ಎಂಬ ಹೊಸ ಜಾತಿಯವಾಗಿರುವ ಸಾಧ್ಯತೆ ಹೆಚ್ಚು. ಆಗ್ನೇಯ ಏಷ್ಯಾದ ಈ ಕೀಟ ಭಾರತದಲ್ಲಿರುವುದು ಮೊದಲು ವರದಿಯಾದದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯಿ ಗಿಡಗಳ ಮೇಲೆ. 2021ರಲ್ಲಿ ಆಂಧ್ರ, ತೆಲಂಗಾಣ ಮತ್ತು ನಮ್ಮ ರಾಜ್ಯದ ಮೆಣಸಿನಕಾಯಿ ಹೊಲಗಳನ್ನು ಹಾಳುಗೆಡವಿದ್ದು ಇದೇ. ಇದು ಎಲೆಗಿಂತ ಹೂವಿನೊಳಗೆ ವಾಸಿಸುವುದನ್ನೇ ಇಷ್ಟಪಡುವುದರಿಂದ, ಎಲೆ ಚೆನ್ನಾಗಿದ್ದೂ ಹೂ ಉದುರುವ ಗಿಡಗಳಲ್ಲಿ ಮೊದಲು ಇದನ್ನೇ ಹುಡುಕಬೇಕು.

ನುಸಿ ಬರಿಗಣ್ಣಿಗೆ ಕಾಣುವುದಿಲ್ಲ. ಅಕ್ಕಸಾಲಿಗರು ಬಳಸುವ ಹತ್ತು ಪಟ್ಟಿನ ಪುಟ್ಟ ಭೂತಗನ್ನಡಿಯೊಂದನ್ನು ಕೊಂಡಿಟ್ಟುಕೊಳ್ಳಿ. ನಾಲ್ಕು ಬಗೆಯ ಔಷಧಿಗೆ ಸುರಿಯುವ ಹಣಕ್ಕಿಂತ ಅದು ಅಗ್ಗ, ಮತ್ತು ಅದರಲ್ಲಿ ಚಿಗುರೆಲೆಯ ಹಿಂಬದಿಯನ್ನು ನೋಡುವುದು ಒಮ್ಮೆ ಅಭ್ಯಾಸವಾದರೆ ಬಿಡುವುದು ಕಷ್ಟ. ನೀವು ವಾರವಾರವೂ ಬೇವಿನೆಣ್ಣೆ ಹಾಕಿಯೂ ಮುರುಟು ನಿಲ್ಲದಿರುವುದಕ್ಕೆ ಬಹುಶಃ ಎರಡು ಕಾರಣಗಳಿವೆ. ಒಂದು, ಸಿಂಪಡಣೆ ಎಲೆಯ ಮೇಲ್ಭಾಗಕ್ಕೆ ಬಿದ್ದಿದೆ, ಕೀಟ ಕೆಳಭಾಗದಲ್ಲಿ ಕುಳಿತಿದೆ. ಎರಡು, ತೊಂದರೆ ಕೊಡುತ್ತಿರುವುದು ಹಳದಿ ನುಸಿಯಾಗಿದ್ದರೆ ಅದಕ್ಕೆ ಬೇವಿಗಿಂತ ನೀರಿನಲ್ಲಿ ಬೆರೆಯುವ ಗಂಧಕದ ಪುಡಿ ಹೆಚ್ಚು ನೆಚ್ಚಿಕೆಯದು. ಲೀಟರಿಗೆ 3 ಗ್ರಾಂ ಸಾಕು, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಆದರೆ ಎಣ್ಣೆ ಹಾಕಿ ಎರಡು ವಾರ ಕಳೆಯುವವರೆಗೆ ಗಂಧಕ ಮುಟ್ಟಬೇಡಿ, ಬಿಸಿಲಿನಲ್ಲಂತೂ ಬೇಡವೇ ಬೇಡ. ಹಲವು ವರ್ಷಗಳ ಹಿಂದೆ ಏಪ್ರಿಲ್‌ನ ಒಂದು ಭಾನುವಾರ, ಸಂಜೆ ಊರಿಗೆ ಹೋಗುವ ಅವಸರದಲ್ಲಿ, ಮಧ್ಯಾಹ್ನ ಹನ್ನೆರಡಕ್ಕೆ ಗಂಧಕ ಹೊಡೆದು ಇಪ್ಪತ್ತು ಗಿಡಗಳ ಚಿಗುರನ್ನು ಹಪ್ಪಳದಂತೆ ಸುಟ್ಟುಕೊಂಡವನು ನಾನು. ಅಂದಿನಿಂದ ಸಿಂಪಡಣೆ ಏನಿದ್ದರೂ ಸಂಜೆ ಐದರ ಮೇಲೆ, ಬಿಸಿಲು ಇಳಿದ ಬಳಿಕ. ಜೇನ್ನೊಣಗಳೂ ಆ ಹೊತ್ತಿಗೆ ಗೂಡು ಸೇರಿರುತ್ತವೆ.

ಥ್ರಿಪ್ಸ್‌ಗಾದರೆ ಮೂರು ದಿನಕ್ಕೊಮ್ಮೆ ಪೈಪಿನಿಂದ ನೀರನ್ನು ರಭಸವಾಗಿ ಎಲೆಯ ಹಿಂಬದಿಗೆ ಹಾಯಿಸಿ ತೊಳೆಯುವುದೇ ಅರ್ಧ ಚಿಕಿತ್ಸೆ. ಬೇಸಿಗೆಯಲ್ಲಿ ಮಿತಿಮೀರುವ ಥ್ರಿಪ್ಸ್ ಜೂನ್ ಮಳೆ ಹಿಡಿದ ಕೂಡಲೇ ತಾನಾಗಿ ಇಳಿಯುವುದನ್ನು ನೀವೂ ಗಮನಿಸಿರಬಹುದು. ನೀಲಿ ಬಣ್ಣದ ಅಂಟು ಹಾಳೆಗಳನ್ನು ಗಿಡದ ಎತ್ತರಕ್ಕೆ ತೂಗುಹಾಕಿ. ಹಳದಿ ಹಾಳೆ ಬಿಳಿ ನೊಣಕ್ಕೆ. ಥ್ರಿಪ್ಸ್ ಮರಿಗಳು ಕೋಶಾವಸ್ಥೆಗೆ ಮಣ್ಣಿಗಿಳಿಯುವುದರಿಂದ, ಬ್ಯಾಗಿನ ಮೇಲ್ಮಣ್ಣನ್ನು ಒಂದು ಅಂಗುಲ ಕೆದಕಿ ತೆಗೆದು, ಅಲ್ಲಿಗೆ ಬೇವಿನ ಹಿಂಡಿ ಬೆರೆಸಿದ ಎರೆಗೊಬ್ಬರ ತುಂಬಿದರೆ ಮುಂದಿನ ಪೀಳಿಗೆಯೂ ಕಡಿಮೆಯಾಗುತ್ತದೆ. ಬೇವಿನೆಣ್ಣೆಯನ್ನು ಲೀಟರಿಗೆ 5 ಮಿಲಿಲೀಟರ್‌ನಂತೆ, ಕೆಲವು ಹನಿ ಮೆದು ಸೋಪಿನ ದ್ರಾವಣದೊಂದಿಗೆ ಚೆನ್ನಾಗಿ ಕಲಕಿ, ಕೆಳಗಿನಿಂದ ಮೇಲಕ್ಕೆ ಸಿಂಪಡಿಸಿ. ಇಷ್ಟಕ್ಕೂ ಬಗ್ಗದಿದ್ದರೆ ಮಾತ್ರ ಸ್ಪಿನೋಸ್ಯಾಡ್‌ನಂಥ ಔಷಧಿ, ಅದೂ ಡಬ್ಬಿಯ ಮೇಲೆ ಬರೆದಷ್ಟೇ ಪ್ರಮಾಣದಲ್ಲಿ, ಅಲ್ಲಿ ಹೇಳಿದಷ್ಟು ದಿನ ಕಾಯಿ ಕೀಳದೆ ಬಿಟ್ಟು. ಹದಿನಾಲ್ಕು ಗಿಡದ ತೋಟಕ್ಕೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಅಪರೂಪ.

ಈಗ ನೀರಿನ ವಿಚಾರ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದೇ ಇದು. ಶುದ್ಧೀಕರಣ ಯಂತ್ರ ಹೊರಹಾಕುವ ನೀರಿನಲ್ಲಿ, ಒಳಗೆ ಹೋದ ನೀರಿನಲ್ಲಿದ್ದ ಲವಣಗಳೆಲ್ಲ ಸಾಂದ್ರವಾಗಿ ಸೇರಿರುತ್ತವೆ. ಅದನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ, ಬಹಳ ಒಳ್ಳೆಯದು. ಕುಂಡದ ಗಿಡಕ್ಕೆ ಮಾತ್ರ ಬೇಡ. ಮೆಣಸಿನ ಗಿಡ ಉಪ್ಪನ್ನು ತಡೆದುಕೊಳ್ಳುವ ಜಾತಿಯದಲ್ಲ, ಕುಂಡದಲ್ಲಿ ಹೊಲದಂತೆ ಉಪ್ಪು ಆಳಕ್ಕೆ ಬಸಿದು ಹೋಗಲು ಜಾಗವೂ ಇಲ್ಲ. ಬ್ಯಾಗಿನ ಹೊರಮೈ ಮೇಲೆ, ಬಸಿಯುವ ರಂಧ್ರಗಳ ಸುತ್ತ ಬಿಳಿಯ ಪುಡಿ ಕಟ್ಟಿದೆಯೇ, ಹಳೆಯ ಎಲೆಗಳ ತುದಿ ಮತ್ತು ಅಂಚು ಕಂದಾಗಿ ಸುಟ್ಟಂತಿದೆಯೇ ನೋಡಿ. ಇದ್ದರೆ ಅದು ರೋಗವಲ್ಲ, ಉಪ್ಪು. ಬೆಂಗಳೂರಿನ ಹಲವು ಮನೆಗಳಲ್ಲಿ ಈಗ, ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಟಿಡಿಎಸ್ ಮೀಟರ್ ಇದೆ; ಅದರಲ್ಲಿ ಅಳೆದಾಗ 600 ದಾಟುವ ನೀರನ್ನು ಮೆಣಸಿನ ಗಿಡಕ್ಕೆ ದಿನನಿತ್ಯ ಹಾಕಬಾರದು ಎಂದು ನಾನು ಹೇಳುತ್ತೇನೆ. ಕಾವೇರಿ ನೀರಿಗೆ ಈ ಚಿಂತೆಯಿಲ್ಲ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾದರೆ ಅಳೆದೇ ಹಾಕಿ. ಬೋರ್‌ವೆಲ್ ನೀರು ಹಾಕುವವರು ಒಲೆಯ ಬೂದಿಯನ್ನು ಗೊಬ್ಬರವೆಂದು ಸೇರಿಸುವುದನ್ನೂ ಬಿಡಬೇಕು. ಆ ನೀರೂ ಬೂದಿಯೂ ಎರಡೂ ಕ್ಷಾರೀಯ, ಕೂಡಿದರೆ ಗಿಡ ಕಬ್ಬಿಣಾಂಶ ಹೀರಲಾಗದೆ ಚಿಗುರು ಹಳದಿಯಾಗುತ್ತದೆ.

ಈಗಾಗಲೇ ಸೇರಿರುವ ಉಪ್ಪನ್ನು ತೊಳೆಯಲು ಮೇ ತಿಂಗಳಿಗಿಂತ ಒಳ್ಳೆಯ ಸಮಯವಿಲ್ಲ. ಸಂಜೆಯ ಗುಡುಗು ಮಳೆ ಶುರುವಾದಾಗ ಬ್ಯಾಗ್‌ಗಳನ್ನು ಬಯಲಿಗೆ ಎಳೆದಿಡಿ, ಕೆಳಗೆ ತಟ್ಟೆಗಳಿದ್ದರೆ ತೆಗೆಯಿರಿ. ಮಳೆ ಕೈಕೊಟ್ಟರೆ ಬ್ಯಾಗಿನ ಮಣ್ಣಿನ ಗಾತ್ರಕ್ಕೆ ಎರಡರಷ್ಟು ಒಳ್ಳೆಯ ನೀರನ್ನು ನಿಧಾನವಾಗಿ, ಒಂದು ತಾಸಿನ ಅವಧಿಯಲ್ಲಿ, ಹಾಯಿಸಿ ಬಸಿಯಲು ಬಿಡಿ. ಆಲಿಕಲ್ಲು ಬೀಳುವ ಸೂಚನೆಯಿದ್ದರೆ ಮಾತ್ರ ಗೋಡೆಯ ಮರೆಗೆ ಸರಿಸಿ.

ದಿನಕ್ಕೆ ಎರಡು ಸಲ ಎಂಬ ಲೆಕ್ಕವನ್ನೂ ಕೈಬಿಡಿ. ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ, ಅಲ್ಲಿ ತೇವ ಹತ್ತಿದರೆ ಅಂದು ನೀರು ಬೇಡ. ಒಣಗಿದ್ದರೆ ಕೆಳಗಿನ ರಂಧ್ರದಿಂದ ಬಸಿಯುವವರೆಗೆ ಒಂದೇ ಸಲ ಹಾಕಿ. ಏಪ್ರಿಲ್‌ನಲ್ಲಿ ಇದು ದಿನವೂ ಬೇಕಾಗಬಹುದು, ಆಗಸ್ಟ್‌ನಲ್ಲಿ ನಾಲ್ಕು ದಿನಕ್ಕೊಮ್ಮೆಯೂ ಸಾಕಾಗಬಹುದು. ಮಧ್ಯಾಹ್ನ ಮೂರಕ್ಕೆ ಎಲೆ ಜೋಲುಬಿದ್ದುದನ್ನು ಕಂಡು ಗಾಬರಿಯಿಂದ ನೀರು ಹಾಕುವವರು ಬಹಳ. ಸಂಜೆ ಆರಕ್ಕೆ ತಾನಾಗಿ ಎದ್ದು ನಿಲ್ಲುವ ಗಿಡಕ್ಕೆ ಬಾಯಾರಿಕೆಯಿಲ್ಲ, ಅದು ಬಿಸಿಲಿನಿಂದ ತನ್ನನ್ನು ಕಾಪಾಡಿಕೊಳ್ಳುತ್ತಿದೆ. ಬೆಳಿಗ್ಗೆ ಏಳಕ್ಕೂ ಜೋತುಬಿದ್ದಿದ್ದರೆ, ಅದೂ ಮಣ್ಣು ಒದ್ದೆಯಿದ್ದಾಗ, ಬೇರು ಕೊಳೆಯುತ್ತಿದೆ ಎಂದು ತಿಳಿಯಿರಿ.

ಹೂ ಉದುರುವುದರಲ್ಲಿ ಕಡಲೆಕಾಯಿ ಹಿಂಡಿಯ ಪಾತ್ರವೂ ಇದೆ. ಅದರಲ್ಲಿ ಶೇಕಡ 7ರಷ್ಟು ಸಾರಜನಕವಿರುತ್ತದೆ. ವಾರಕ್ಕೊಮ್ಮೆ ಅದನ್ನು ಕುಡಿದ ಗಿಡ ಎಲೆಯ ಮೇಲೆ ಎಲೆ ಬಿಡುತ್ತದೆ, ಹೂ ಹಿಡಿಯುವ ಗೋಜಿಗೆ ಹೋಗುವುದಿಲ್ಲ, ಜೊತೆಗೆ ಮೆತ್ತಗಿನ ಹಸಿರು ಚಿಗುರು ಥ್ರಿಪ್ಸ್‌ಗೂ ನುಸಿಗೂ ಹಬ್ಬದೂಟ. ಸಸಿ ನೆಟ್ಟ ಮೊದಲ ತಿಂಗಳಲ್ಲಿ ಎರಡು ಸಲ ಸರಿ. ಮೊಗ್ಗು ಕಂಡ ಮೇಲೆ ಮೂರು ವಾರಕ್ಕೊಮ್ಮೆ ಎರಡು ಮುಷ್ಟಿ ಎರೆಗೊಬ್ಬರ ಕೊಟ್ಟು ಸುಮ್ಮನಿರಿ. ಇನ್ನು ಬಿಸಿಲು: ಹಗಲು 35 ಡಿಗ್ರಿ ದಾಟಿದಾಗ ಪರಾಗ ಬಲ ಕಳೆದುಕೊಂಡು ಹೂ ತೊಟ್ಟಿನ ಬುಡದಲ್ಲಿ ಹಳದಿಯಾಗಿ ಉದುರುವುದು ಸಹಜ. ನಗರದ ಗರಿಷ್ಠ ಉಷ್ಣತೆ 34 ಎಂದು ಸುದ್ದಿಯಲ್ಲಿ ಬಂದ ದಿನ ನಿಮ್ಮ ತಾರಸಿಯ ಸಿಮೆಂಟಿನ ಮೇಲೆ ಅದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಮಾರ್ಚ್‌ನಿಂದ ಮೇ ಮಧ್ಯದವರೆಗೆ ಮಧ್ಯಾಹ್ನದ ಹೊತ್ತು ಶೇಕಡ 35ರ ನೆರಳು ಪರದೆ ಕಟ್ಟಿ, ಬ್ಯಾಗ್‌ಗಳನ್ನು ನೆಲಕ್ಕೆ ತಾಗದಂತೆ ಇಟ್ಟಿಗೆಯ ಮೇಲೆ ಇಡಿ.

ಬಾಲ್ಕನಿಯ ಐದು ಗಿಡಗಳ ಕತೆ ಇದಲ್ಲ. ಅವುಗಳಿಗೆ ಯಾವ ರೋಗವೂ ಇರಲಿಕ್ಕಿಲ್ಲ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಪ್ರತಿ ವರ್ಷ ಏಪ್ರಿಲ್ 24ರ ಆಸುಪಾಸಿನಲ್ಲಿ ಸೂರ್ಯ ನಡುಮಧ್ಯಾಹ್ನ ನಮ್ಮ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಶೂನ್ಯ ನೆರಳಿನ ದಿನವೆಂದು ಮಕ್ಕಳಿಗೆ ತೋರಿಸುವುದು ಅದನ್ನೇ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ಸೂರ್ಯ ಇಡೀ ದಿನ ನಮ್ಮ ಉತ್ತರಕ್ಕೇ ಇರುತ್ತಾನೆ. ಆದ್ದರಿಂದ ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿಗೆ ಆ ನಾಲ್ಕು ತಿಂಗಳು ನೇರ ಬಿಸಿಲು ಒಂದು ಕ್ಷಣವೂ ಬೀಳುವುದಿಲ್ಲ, ಮೇಲಿನ ಮಹಡಿಯ ಚಾಚು ಇದ್ದರೆ ಮಾರ್ಚ್‌ನಲ್ಲೇ ಬಿಸಿಲು ತಪ್ಪಿಹೋಗಿರುತ್ತದೆ. ಜನವರಿಯಲ್ಲಿ ಓರೆಯಾಗಿ ಒಳಗೆ ಬರುತ್ತಿದ್ದ ಬಿಸಿಲಿನಲ್ಲಿ ಹೂಬಿಟ್ಟ ಗಿಡಗಳು ಈಗ ಸೊಂಪಾಗಿ ಹಸಿರಾಗಿದ್ದೂ ಬಂಜೆಯಂತಿರುವುದು ಅದಕ್ಕೇ. ಮೆಣಸಿನ ಗಿಡಕ್ಕೆ ದಿನಕ್ಕೆ ಐದಾರು ತಾಸಿನ ಬಿಸಿಲಾದರೂ ಬೇಕು. ಅವನ್ನು ತಾರಸಿಗೆ ಸಾಗಿಸಿ, ಮೊದಲ ವಾರ ಪರದೆಯ ಕೆಳಗಿಟ್ಟು ಒಗ್ಗಿಸಿ. ಸೆಪ್ಟೆಂಬರ್‌ನ ಬಳಿಕ ಬೇಕಾದರೆ ಮತ್ತೆ ಬಾಲ್ಕನಿಗೆ ಇಳಿಸಬಹುದು.

ಖಾರದ ಬಗ್ಗೆ ನಿಮಗೆ ಆದ ನಿರಾಸೆಗೆ ಗಿಡವೂ ನೀವೂ ಕಾರಣರಲ್ಲ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹಾವೇರಿ ಸೀಮೆಯ ಬ್ಯಾಡಗಿ ಮೆಣಸಿನಕಾಯಿಯ ಹಿರಿಮೆ ಇರುವುದು ಬಣ್ಣದಲ್ಲಿ. ಖಾರ ಕಡಿಮೆಯಿರುವುದೇ ಅದರ ಗುಣ. ಸಾರಿನ ಪುಡಿಗೆ ನಮ್ಮ ಮನೆಗಳಲ್ಲಿ ಬ್ಯಾಡಗಿಯ ಜೊತೆ ಗುಂಟೂರನ್ನು ಬೆರೆಸುವುದು ಮತ್ತೇಕೆ? ಖಾರ ಎಷ್ಟೆಂಬುದನ್ನು ಮೊದಲು ನಿರ್ಧರಿಸುವುದು ತಳಿ, ಆಮೇಲೆ ಕಾಯಿಯ ವಯಸ್ಸು. ಖಾರದ ಅಂಶವಾದ ಕ್ಯಾಪ್ಸೈಸಿನ್ ತಯಾರಾಗುವುದು ಜನ ನಂಬಿರುವಂತೆ ಬೀಜದಲ್ಲಲ್ಲ, ಬೀಜಗಳು ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಹೂ ಕಚ್ಚಿದ ಸುಮಾರು ಇಪ್ಪತ್ತು ದಿನಗಳ ಬಳಿಕ ಅದು ಸೇರತೊಡಗಿ ನಲವತ್ತರಿಂದ ಐವತ್ತನೆಯ ದಿನದ ವೇಳೆಗೆ ತುತ್ತತುದಿ ಮುಟ್ಟುತ್ತದೆ. ಎಳೆಗಾಯಿ ಕಿತ್ತರೆ ಗುಂಟೂರೂ ಸಪ್ಪೆಯೇ. ಗುಂಟೂರು ಗಿಡದಲ್ಲಿ ಕಾಯಿ ಪೂರ್ಣ ಬಲಿತು ಹೊಳಪು ಬಂದ ಮೇಲೆ, ಬಣ್ಣ ತಿರುಗುವ ಹೊತ್ತಿನಲ್ಲಿ ನೀರನ್ನು ತುಸು ಹಿಡಿದು ಕೊಟ್ಟು ನೋಡಿ, ವ್ಯತ್ಯಾಸ ನಾಲಿಗೆಗೆ ತಿಳಿಯುತ್ತದೆ. ಗಿಡ ಬಾಡಿ ಸೊರಗುವಷ್ಟು ಹಿಡಿಯಬೇಡಿ. ಕಾಯಿಯ ತುದಿ ಕಪ್ಪಾಗಿ ಕೊಳೆಯುವುದು ನೀರು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆಯಾಗಿ ಸುಣ್ಣದ ಅಂಶ ಕಾಯಿಯ ತುದಿಗೆ ತಲುಪದಾಗ.

ಭೂತ್ ಜೋಲೋಕಿಯಾ ಬೇರೆಯೇ ಜಾತಿ. 2007ರಲ್ಲಿ, ಖಾರ ಅಳೆಯುವ ಸ್ಕೋವಿಲ್ ಮಾನದಲ್ಲಿ 10 ಲಕ್ಷ ದಾಟಿ ಜಗತ್ತಿನ ಅತಿ ಖಾರದ ಮೆಣಸಿನಕಾಯಿ ಎಂದು ಗಿನ್ನೆಸ್ ದಾಖಲೆ ಸೇರಿದ್ದು. ಆ ಪಟ್ಟ ಬಹಳ ದಿನ ಉಳಿಯಲಿಲ್ಲವಾದರೂ ನಮ್ಮ ಅಡುಗೆಗೆ ಒಂದು ಕಾಯಿಯ ಕಾಲು ಭಾಗವೇ ಯಥೇಚ್ಛ. ಅಸ್ಸಾಂ, ನಾಗಾಲ್ಯಾಂಡ್, ಮಣಿಪುರದ ತೇವದ ಗಾಳಿಗೆ ಹುಟ್ಟಿದ ಈ ಗಿಡಕ್ಕೆ ನಮ್ಮ ಮಾರ್ಚ್ ಏಪ್ರಿಲ್‌ನ ಒಣ ಬಿಸಿಲು ಹಿಡಿಸುವುದಿಲ್ಲ. ಇದರ ಬೀಜ ಮೊಳೆಯಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಬೇರೆ ಮೆಣಸಿನಕಾಯಿಗೆ ಹತ್ತು ದಿನ ಸಾಕು. ನಿಮ್ಮ ಎರಡು ಗಿಡಗಳು ವೈರಸ್ ತಗಲದೆ ಉಳಿದಿದ್ದರೆ ಅರೆನೆರಳಿನಲ್ಲಿಟ್ಟು ಮಳೆಗಾಲ ಕಾಯಿರಿ. 15 ಅಂಗುಲದ ಬ್ಯಾಗಿಗೆ ಬದಲಾಯಿಸಿದರೆ ಸೆಪ್ಟೆಂಬರ್ ಹೊತ್ತಿಗೆ ಕಾಯಿ ಕಾಣಬಹುದು.

ಹೊಸ ಸಸಿಗಳನ್ನು ಮೇ ಕೊನೆಯ ವಾರ ಅಥವಾ ಜೂನ್ ಮೊದಲಿಗೆ ಬಿತ್ತಿ. ಕೆಮ್ಮಣ್ಣು, ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಸಮಪಾಲು, ಬ್ಯಾಗಿಗೆ ಒಂದು ಮುಷ್ಟಿ ಬೇವಿನ ಹಿಂಡಿ. ನಾರಿನ ಪುಡಿಯನ್ನು ಎರಡು ಸಲ ತೊಳೆಯದೆ ಬಳಸಬೇಡಿ, ಅದರಲ್ಲೂ ಉಪ್ಪಿರುತ್ತದೆ. ಐದಾರು ಎಲೆಯ, ಮೂವತ್ತೈದು ದಿನದ ಸಸಿಯನ್ನು ಸಂಜೆ ನಾಟಿ ಮಾಡಿ. ಮಳೆಗಾಲದ ಕೊನೆಯಲ್ಲಿ ಹಣ್ಣಾದ ಕಾಯಿಗಳ ಮೇಲೆ ಉಂಗುರದಂಥ ತಗ್ಗಿನ ಕಲೆ ಕಂಡರೆ ಅದು ಹಣ್ಣು ಕೊಳೆ ರೋಗ, ಅಂಥ ಕಾಯಿಯನ್ನು ಕಿತ್ತು ಹೊರಹಾಕಿ ಗಿಡಗಳ ನಡುವೆ ಗಾಳಿಯಾಡಲು ಬಿಡಿ. ತಳಿಯ ಆಯ್ಕೆಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಲೋಹಿತ್ ಮನೆಗೆ ಹೊಂದುವ ಖಾರದ ತಳಿ. ಅದು ಹೈಬ್ರಿಡ್ ಅಲ್ಲದ್ದರಿಂದ ಬೀಜ ಇಟ್ಟುಕೊಳ್ಳಬಹುದು; ಅದೇ ಸಂಸ್ಥೆಯ ಅರ್ಕಾ ಮೇಘನಾ, ಅರ್ಕಾ ಖ್ಯಾತಿ ಹೈಬ್ರಿಡ್‌ಗಳಾದ್ದರಿಂದ ಅವುಗಳ ಬೀಜದಿಂದ ತಾಯಿಯಂಥ ಗಿಡ ಬರುವುದಿಲ್ಲ.

ನಿಮ್ಮ ಈಗಿನ ಗಿಡಗಳಿಂದ ಬೀಜ ಉಳಿಸುವುದಕ್ಕೆ ನನ್ನ ಸಮ್ಮತಿಯಿಲ್ಲ. ಅಂಗಡಿಯ ಬ್ಯಾಡಗಿಯಲ್ಲಿ ಹೈಬ್ರಿಡ್ ಕಾಯಿಗಳೂ ಬೆರೆತಿರುತ್ತವೆ, ಸಾಲದ್ದಕ್ಕೆ ಒಂದೇ ತಾರಸಿಯಲ್ಲಿ ಮೂರು ಬಗೆಗಳಿವೆ. ಮೆಣಸಿನ ಹೂ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದಾದರೂ ಜೇನ್ನೊಣ ಬಂದರೆ ಬೆರಕೆಯೂ ಆಗುತ್ತದೆ. ಮುಂದೆ ಅರ್ಕಾ ಲೋಹಿತ್ ಬೆಳೆದಾಗ ಆರೋಗ್ಯವಾದ ಒಂದು ಗಿಡದ ಒಂದು ರೆಂಬೆಗೆ, ಮೊಗ್ಗುಗಳು ಅರಳುವ ಮೊದಲೇ, ತೆಳು ಬಟ್ಟೆಯ ಚೀಲ ಕಟ್ಟಿ. ಅದರೊಳಗೆ ಕಾಯಿ ಕಚ್ಚಿದ ಮೇಲೆ ಚೀಲ ತೆಗೆದು, ಆ ಕಾಯಿಗಳ ತೊಟ್ಟಿಗೆ ಕೆಂಪು ದಾರ ಕಟ್ಟಿ, ಗಿಡದಲ್ಲೇ ಪೂರ್ತಿ ಹಣ್ಣಾಗಲು ಬಿಟ್ಟು, ಬೀಜವನ್ನು ನೆರಳಿನಲ್ಲಿ ವಾರ ಒಣಗಿಸಿ ಕಾಗದದ ಪೊಟ್ಟಣದಲ್ಲಿ ದಿನಾಂಕ ಬರೆದಿಡಿ.

ಭೂತ್ ಜೋಲೋಕಿಯಾದ ಕಾಯಿ ಬಿಡಿಸುವಾಗ ಕೈಗವಸು ತಪ್ಪಿಸಬೇಡಿ. ಮರೆತು ಕೈ ಉರಿಯತೊಡಗಿದರೆ ಬರಿ ನೀರಿನಲ್ಲಿ ತೊಳೆಯುತ್ತಾ ನಿಲ್ಲಬೇಡಿ, ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಮೊದಲು ಅಡುಗೆ ಎಣ್ಣೆ ಸವರಿ ಉಜ್ಜಿ, ಆಮೇಲೆ ಪಾತ್ರೆ ತೊಳೆಯುವ ಸೋಪು, ಕೊನೆಗೆ ನೀರು. ಅಲ್ಲಿಯವರೆಗೆ ಕಣ್ಣು ಮುಟ್ಟಬೇಡಿ.